ನಾಲ್ಕನೆಯ ಅತಿಥಿ

ಗೋಡೆಗೆ ಮುಖ ಮಾಡಿ ನಿಂತಿದ್ದ ಕೋಟು ಉಸಿರಾಡುತ್ತಿತ್ತು...

ಅವಳು ಅದನ್ನು ಕೂಡಲೇ ಗಮನಿಸಲಿಲ್ಲ. ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಅಳತೆ ಟೇಪು, ತುಟಿಗಳ ನಡುವೆ ಗುಂಡುಸೂಜಿಗಳು. ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಕಾಸ್ಟ್ಯೂಮ್ ಕೋಣೆಯೊಳಗೆ ಬಂದವಳು, ದಿನಾ ಮಾಡುವ ಹಾಗೆ ಮೂಲೆಯ ಆಳೆತ್ತರದ ಬಟ್ಟೆಗೊಂಬೆಯ ಜೊತೆ ಜಗಳಕ್ಕೆ ನಿಂತಳು. ಆ ಗೊಂಬೆಗೆ ತೊಡಿಸಿದ್ದ ಬೂದುಬಣ್ಣದ ಉದ್ದ ಕೋಟಿನ ಮೇಲೆ ಅವಳಿಗೆ ಚಿಕ್ಕಂದಿನಿಂದಲೂ ಸಿಟ್ಟಿತ್ತು.

"ನೋಡಪ್ಪಾ," ಅಂದಳು, ಸೂಜಿಗಳನ್ನು ಬಾಯಿಂದ ತೆಗೆದು. "ನಾಳೆ ನಿನ್ನನ್ನ ತೊಡೋಕೆ ಹೊಸಬ ಬರ್ತಿದ್ದಾನೆ. ನಾಲ್ಕನೆಯವನು. ಅವನನ್ನಾದ್ರೂ ನೆಟ್ಟಗೆ ಮನೆಗೆ ಕಳಿಸು."

"ಪ್ರಯತ್ನ ಮಾಡ್ತೀನಿ," ಅಂದಿತು ಕೋಟು.

ಚಹಾದ ಲೋಟ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

ಕೋಟು ನಿಧಾನವಾಗಿ ಅವಳತ್ತ ತಿರುಗಿತು. ಸಂಜೆಯ ಮಬ್ಬಿನಲ್ಲಿ ಮುಖ ಕಾಣಲಿಲ್ಲ. ಕಂಡದ್ದು ಎಡಗೈ ಮಾತ್ರ. ಅದು ತನ್ನಷ್ಟಕ್ಕೆ ಮೇಲೆದ್ದು ಎದೆಯ ಮೇಲೆ ಬಂದು, ಎರಡು ಬೆರಳನ್ನು ಕೋಟಿನ ಅಂಚಿಗೆ ಸಿಕ್ಕಿಸಿಕೊಂಡು ನಿಂತಿತು.

ಆ ಕೈ ಅವಳಿಗೆ ಗೊತ್ತು. ಮೂರು ಸಿನಿಮಾಗಳಲ್ಲಿ, ಮೂವರು ಬೇರೆ ಬೇರೆ ನಟರ ಮೈಯಲ್ಲಿ ಅವಳು ನೋಡಿದ್ದು ಇದೇ ಕೈಯನ್ನು.

"ಹೆದರಬೇಡಿ ರೀ," ಅಂದಿತು ಆ ಆಕೃತಿ. ದನಿ ಮಾತ್ರ ಹೆದರಿದವನದೇ. "ನಾನೇ ಆ ಹೊಸಬ. ಒಂದು ದಿನ ಮುಂಚೆ ಬಂದುಬಿಟ್ಟೆ. ಕೋಟು ನೋಡಿ ಆಸೆಯಾಯ್ತು, ಹಾಕ್ಕೊಂಡೆ. ಈಗ ಕೈ ಸಿಕ್ಕಿಹಾಕಿಕೊಂಡಿದೆ. ನೀವು ಬಂದ ಸದ್ದು ಕೇಳಿ ನಾಚಿಕೆಯಾಗಿ ಗೊಂಬೆ ಥರ ನಿಂತ್ಕೊಂಡೆ."

ಅವಳು ದೀಪ ಹಾಕಿದಳು. ಮೂವತ್ತರ ಆಸುಪಾಸಿನ, ಕೆದರಿದ ಕೂದಲಿನ ಸಾಧಾರಣ ಮುಖ. ನಿಜವಾದ ಗೊಂಬೆ ಪಾಪ, ಬಟ್ಟೆಯಿಲ್ಲದೆ ಬೀರುವಿನ ಹಿಂದೆ ನಿಂತಿತ್ತು.

"ಕೇಳದೇ ಒಳಗೆ ಬಂದದ್ದು ತಪ್ಪಾಯ್ತು. ಇನ್ಮೇಲೆ ಕೇಳದೆ ಬರಲ್ಲ. ಕೈ ಬಿಡಿಸ್ತೀರಾ?"

ಅವಳು ಹತ್ತಿರ ಹೋಗಿ ತಿರುಚಿಕೊಂಡಿದ್ದ ತೋಳನ್ನು ಎಳೆದು ಬಿಡಿಸಿದಳು. ಹೆದರಿಕೆ ಮುಚ್ಚಿಕೊಳ್ಳಲು ಮಾತು ಗಡುಸಾಯಿತು.

"ಹಳೇ ಸಿನಿಮಾಗಳನ್ನ ಚೆನ್ನಾಗಿ ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಿ."

"ಒಂದನ್ನೂ ನೋಡಿಲ್ಲ. ಬೇಕಂತಲೇ. ನೋಡಿದ್ರೆ ಅವರ ಥರಾನೇ ಮಾಡಿಬಿಡ್ತೀನಿ ಅನ್ನೋ ಭಯ."

"ಹಾಗಾದ್ರೆ ಆ ಕೈ?"

ಅವನು ಮಿಕಿಮಿಕಿ ನೋಡಿದ. "ಯಾವ ಕೈ?"

*

ಕಾಮಿಕ್ಸ್ ಓದಿ ಬೆಳೆದವರಿಗೆ 'ಅತಿಥಿ' ಯಾರು ಅಂತ ಹೇಳಬೇಕಾಗಿಲ್ಲ. ಓದದವರಿಗಾಗಿ ಎರಡು ಮಾತು. ಅವನು ಖಳನಾಯಕ. ಹುಬ್ಬಿಲ್ಲದ ಬಿಳಿ ಮುಖ, ಬೂದು ಕೋಟು. ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಬಾಗಿಲು ತಟ್ಟುತ್ತಾನೆ, "ಒಳಗೆ ಬರಲಾ?" ಅನ್ನುತ್ತಾನೆ. ಅಷ್ಟೇ. ಉತ್ತರಕ್ಕೆ ಮಾತ್ರ ಕಾಯುವುದಿಲ್ಲ. ಅವನು ಹೊಸ್ತಿಲು ದಾಟಿದ ಮನೆಯಲ್ಲಿ ಮರುದಿನ ಎಲ್ಲರೂ ಇರುತ್ತಾರೆ, ನಗುತ್ತಿರುತ್ತಾರೆ, ಊಟಕ್ಕೂ ಕೂರುತ್ತಾರೆ. ಆದರೆ ಅವರು ಅವರಾಗಿರುವುದಿಲ್ಲ.

ಈ ಅತಿಥಿಯ ಪಾತ್ರವನ್ನು ಮೂವರು ನಟರು ಮಾಡಿದ್ದರು. ಯಾರು ಹೆಚ್ಚು ಅನ್ನುವ ಜಗಳ ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಇವತ್ತಿಗೂ ಮುಗಿದಿಲ್ಲ. ವಯಸ್ಸಾದವರು ಮೊದಲನೆಯವರನ್ನು ಬಿಟ್ಟುಕೊಡುವುದಿಲ್ಲ. ಸಿಟ್ಟಿನ ಹುಡುಗರಿಗೆ ಎರಡನೆಯವರೇ ಬೇಕು. ಮೂರನೆಯವರ ಹೆಸರೆತ್ತಿದರೆ ಮಾತ್ರ ಎಲ್ಲರೂ ದನಿ ತಗ್ಗಿಸುತ್ತಾರೆ.

ನಮ್ಮ ನಾಯಕಿ ಅವರನ್ನು ಹೋಲಿಸುವುದು ಬೇರೆಯೇ ರೀತಿ. ಅವಳು ಮುಖ ನೋಡುವುದಿಲ್ಲ, ಕೋಟು ನೋಡುತ್ತಾಳೆ. ಅದನ್ನು ಹೊಲಿದವಳು ಅವಳ ಅಜ್ಜಿ. ಅಜ್ಜಿಯ ನಂತರ ಕಾಸ್ಟ್ಯೂಮ್ ಕೋಣೆ ಚಿಕ್ಕಮ್ಮನ ಕೈಗೆ ಬಂತು, ಈಗ ಇವಳ ಕೈಗೆ ಬರುತ್ತಿದೆ. ಕಡ್ಡಿಯಂಥ ಮೈ, ಚುಚ್ಚುವ ಮಾತು. ಹಾಗಾಗಿ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಸೂಜಿ ಅಂತ.

ಹಳೆಯ ಕೋಟನ್ನು ನಾಲ್ಕನೆಯವನ ಅಳತೆಗೆ ತರುವ ಕೆಲಸಕ್ಕಾಗಿ ಅವಳು ಮೂರೂ ಸಿನಿಮಾಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದಳು. ಮೊದಲನೆಯವರು ಹಿಮ್ಮಡಿಯ ಮೇಲೆ ಭಾರ ಹಾಕಿ, ಹೊಟ್ಟೆ ಮುಂದೆ ಮಾಡಿ, ಊಟಕ್ಕೆ ಕರೆಸಿಕೊಂಡ ನೆಂಟನ ಹಾಗೆ ನಗುತ್ತಾ ಬರುತ್ತಾರೆ. ಕೋಟು ಹಿಂದಕ್ಕೆ ಜೋತಾಡುತ್ತದೆ. ಎರಡನೆಯವರು ಸಿಟ್ಟನ್ನೆಲ್ಲ ಭುಜದಲ್ಲಿ ಇಟ್ಟುಕೊಂಡಿದ್ದರು. ಅವರ ಕಾಲದಲ್ಲಿ ಬೆನ್ನ ಹೊಲಿಗೆ ಎಷ್ಟು ಸಲ ಬಿಚ್ಚಿಕೊಂಡಿತೋ ಲೆಕ್ಕವಿಲ್ಲ. ಮೂರನೆಯವರು ಏನೂ ಮಾಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಅವರ ಮೈಮೇಲೆ ಕೋಟಿಗೆ ಒಂದು ಸುಕ್ಕೂ ಬೀಳುವುದಿಲ್ಲ... ಒಳಗೆ ಮನುಷ್ಯನಿದ್ದಾನೆ ಅನ್ನುವುದು ಬಟ್ಟೆಗೇ ಗೊತ್ತಾಗಿಲ್ಲವೇನೋ ಅನ್ನುವಂತೆ.

ಒಬ್ಬರಂತೆ ಒಬ್ಬರಿಲ್ಲ. ಆದರೂ ಎರಡು ವಿಷಯ ಮೂವರಲ್ಲೂ ಒಂದೇ. "ಒಳಗೆ ಬರಲಾ?" ಅನ್ನುವ ಮಾತು ಮುಗಿಯುವ ಮೊದಲೇ ಕೋಟಿನ ಕೆಳ ಅಂಚು ಹೊಸ್ತಿಲು ದಾಟಿರುತ್ತದೆ. ಅದು ಸರಿ, ಕಾಮಿಕ್ಸ್‌ನಲ್ಲೂ ಹಾಗೇ ಇದೆ. ಎರಡನೆಯದು ಆ ಎಡಗೈ. ಅದು ಯಾವ ಕಾಮಿಕ್ಸ್‌ನಲ್ಲೂ ಇಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಈಗ, ಏನೂ ನೋಡದೆ ಬಂದ ನಾಲ್ಕನೆಯವನೂ ಅದನ್ನೇ ಮಾಡಿದ್ದ.

"ಕೋಟು ತೊಟ್ಟವನಿಗೆ ಯಾವತ್ತೂ ಬನ್ನಿ ಅನ್ನಬೇಡ," ಅಂತ ಚಿಕ್ಕಮ್ಮ ಹಿಂದಿನಿಂದಲೂ ಹೇಳುತ್ತಿದ್ದಳು. ಅವಳದು ಅರ್ಧ ತಮಾಷೆ, ಅರ್ಧ ಭಯ. ಕೋಟನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದವಳೂ ಅವಳೇ.

ಆದರೆ ಸೂಜಿ ಒಮ್ಮೆ ಅಂದುಬಿಟ್ಟಿದ್ದಳು. ಆಗವಳು ಪುಟ್ಟ ಹುಡುಗಿ. ಮೂರನೆಯವರು ಇದೇ ಕೋಣೆಯ ಬಾಗಿಲಲ್ಲಿ ಬಿಳಿ ಮುಖ ಹೊತ್ತು ನಿಂತು "ಒಳಗೆ ಬರಲಾ?" ಅಂದಾಗ, ಚಾಪೆಯ ಮೇಲೆ ಗುಂಡಿ ಪೋಣಿಸುತ್ತಿದ್ದವಳು ತಲೆ ಎತ್ತಿ "ಬನ್ನಿ" ಅಂದಿದ್ದಳು. ಆ ಸಿನಿಮಾ ಮುಗಿದ ಮೇಲೆ ಮೂರನೆಯವರು ಮತ್ತೆ ನಟಿಸಲಿಲ್ಲ. ಪಾತ್ರ ಅವರ ಮೈಬಿಟ್ಟು ಇಳಿಯಲಿಲ್ಲ ಅಂದರು ಜನ. ತಮ್ಮ ಮನೆಯ ಬಾಗಿಲನ್ನೇ ತಟ್ಟಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಒಳಗೆ ಬರಲಾ ಅಂತ ಕೇಳುತ್ತಾರಂತೆ.

'ನಾನೇ ಒಳಗೆ ಕರೆದದ್ದು...' ಅನ್ನುವ ಮುಳ್ಳು ಆ ಹುಡುಗಿಯೊಳಗೆ ಮುರಿದು ಉಳಿಯಿತು. ಎಷ್ಟು ಬೆಳೆದರೂ ಅದು ಹೊರಗೆ ಬರಲಿಲ್ಲ.

*

ಭಯವಿದ್ದ ಕಡೆ ಪ್ರೀತಿ ಹುಟ್ಟಬಾರದು ಅಂತ ಎಲ್ಲಾದರೂ ಬರೆದಿದೆಯೇ? ಹುಟ್ಟಿತು.

ದಿನಾ ಬೆಳಿಗ್ಗೆ ನಾಲ್ಕನೆಯವನು ಬಂದು ಬಾಗಿಲ ಹೊರಗೇ ನಿಲ್ಲುತ್ತಿದ್ದ. "ಸೂಜಿಯವರೇ, ಕೇಳ್ತಾ ಇದ್ದೀನಿ," ಅನ್ನುತ್ತಿದ್ದ. ಅವಳು "ಹೂಂ" ಅನ್ನುತ್ತಿದ್ದಳು. ಬನ್ನಿ ಅನ್ನುತ್ತಿರಲಿಲ್ಲ. ಕೋಟು ತೊಡಿಸಿ, ಭುಜ ಸರಿಮಾಡಿ, ಎಡ ತೋಳನ್ನು ಎಳೆದು ಕೂರಿಸುವಾಗ ಅವನು ಮಾತ್ರ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

"ನೀವು ಮೂವರನ್ನೂ ನೋಡಿದ್ದೀರಿ. ನಾನು ಹೇಗೆ?" ಅಂತ ಕೇಳಿದ ಒಂದು ದಿನ.

"ಅದನ್ನ ಹೇಳೋಕೆ ಬೇರೆಯವರಿಗೆ ಸಂಬಳ ಕೊಡ್ತಾರೆ. ನನ್ನ ಕೆಲಸ ಗುಂಡಿ ಹಾಕೋದು."

"ಸರಿ, ಅವರು ಹೇಗೆ ಮಾಡಿದ್ದಾರೆ ಅಂತಾದ್ರೂ..."

"ಹೇಳಲ್ಲ. ಹೇಳಿದ್ರೆ ಅವರ ಥರಾನೇ ಮಾಡಿಬಿಡ್ತೀರಿ."

ಅವನು ನಕ್ಕ. ಆಮೇಲೆ ಕನ್ನಡಿಯಲ್ಲಿ ತನ್ನ ಬಿಳಿ ಮುಖವನ್ನೇ ನೋಡುತ್ತಾ ಅಂದ, "ನನಗೆ ಅನ್ಸೋದು, ಇವನಿಗೆ ಮನೆ ಇಲ್ಲ. ಅಷ್ಟೇ ಇವನ ಕಥೆ. ನಾನೂ ಹಾಸ್ಟೆಲ್‌ಗಳಲ್ಲೇ ಬೆಳೆದವನು ಅಲ್ವಾ... ಬೇರೆಯವರ ಮನೆ ಕಿಟಕೀಲಿ ದೀಪ ಕಂಡ್ರೆ ಸಾಕು, ಒಂದು ನಿಮಿಷ ನಿಂತುಬಿಡ್ತಿದ್ದೆ."

ಅವತ್ತು ಸೂಜಿ ಮನೆಗೆ ಹೋಗುವಾಗ ಕಾರಣವಿಲ್ಲದೆ ಕಣ್ಣು ತುಂಬಿಕೊಂಡಳು. ದಾರಿಯುದ್ದಕ್ಕೂ ಯಾರ‍್ಯಾರದೋ ಮನೆಗಳ ಕಿಟಕಿಗಳನ್ನು ನೋಡುತ್ತಾ ನಡೆದಳು.

"ಏನೇ ಸೂಜಿ, ಈಚೆಗೆ ತಲೆ ಬಾಚ್ಕೊಳ್ಳೋಕೆ ಶುರು ಮಾಡಿದ್ದೀಯ," ಅಂದಳು ಚಿಕ್ಕಮ್ಮ, ಪಾತ್ರೆ ಒರೆಸುತ್ತಾ. "ಯಾರಿಗೋ ಎಡ ತೋಳು ಸರಿ ಮಾಡೋಕೆ ತುಂಬಾ ಹೊತ್ತು ಹಿಡೀತದಂತೆ?"

"ಕೋಟು ಹಳೇದು ಚಿಕ್ಕಮ್ಮ."

"ಹೌದೌದು. ಕೋಟು ಹಳೇದು, ಕೈ ಹೊಸದು."

ಆದರೆ ಆ ಕೈ... ಅದೊಂದು ಅವಳನ್ನು ಬಿಡಲಿಲ್ಲ. ಶೂಟಿಂಗ್ ಮುಂದುವರಿದಂತೆ ಅದು ಮತ್ತೆ ಮತ್ತೆ ಮೇಲೇಳುತ್ತಿತ್ತು. ಅವಳೊಳಗಿನ ಬಟ್ಟೆ ಕೆಲಸದವಳ ಕಣ್ಣಿಗೆ ತೋಳಿನಲ್ಲೇನೋ ಎಳೆತ ಕಂಡಿರಬೇಕು. ಆದರೆ ಒಳಗಿನ ಹೆದರಿದ ಹುಡುಗಿ ಆ ಕಣ್ಣನ್ನು ಮುಚ್ಚಿಬಿಟ್ಟಳು.

*

ರಜೆಯ ದಿನ. ಮಧ್ಯಾಹ್ನ. ಚಿಕ್ಕಮ್ಮ ಮನೆಯಲ್ಲಿರಲಿಲ್ಲ. ಕಟ್ಟಡದ ಮೆಟ್ಟಿಲ ಮೇಲೆ ಯಾರೋ ಒಂದೊಂದೇ ಹೆಜ್ಜೆಯಿಟ್ಟು ಬರುವ ಸದ್ದಾಯಿತು. ನಂತರ ಬಾಗಿಲ ಮೇಲೆ ಮೆಲ್ಲಗೆ, ತೀರಾ ಮೆಲ್ಲಗೆ ಬೆರಳಿನ ಸದ್ದು.

ಅವಳು ಬಾಗಿಲು ತೆಗೆದಳು. ಹಗಲಲ್ಲೂ ಕಂದೀಲಿನಂತೆ ಒಂದೇ ಬಲ್ಬು ಉರಿಯುವ ಕಾರಿಡಾರಿನಲ್ಲಿ ನಾಲ್ಕನೆಯವನು ನಿಂತಿದ್ದ. ಬಣ್ಣವಿಲ್ಲ, ಕೋಟಿಲ್ಲ. ನೀಲಿ ಅಂಗಿ. ಮುಖ ಮಾತ್ರ ಏನೋ ಬಿಗಿದುಕೊಂಡಂತಿತ್ತು.

"ಒಳಗೆ ಬರಲಾ?" ಅಂದ.

ಅವಳು ಬಾಗಿಲ ಚಿಲಕ ಬಿಡಲಿಲ್ಲ. ಅವನೇ ಗಂಟಲು ಸರಿಮಾಡಿಕೊಂಡ. "ಬೇಡ ಅಂದ್ರೆ ಇಲ್ಲಿಂದಲೇ ಹೇಳ್ತೀನಿ. ನಾನು ನಿಮ್ಮನ್ನ ಪ್ರೀತಿಸ್ತಾ ಇದ್ದೀನಿ. ಶೂಟಿಂಗ್ ಮುಗಿದ ಮೇಲೆ ಬೇರೆ ಊರಲ್ಲಿ ಕೆಲಸ ಇದೆ. ಹೇಳದೆ ಹೋಗೋಕೆ ಆಗಲ್ಲ ಅನ್ನಿಸ್ತು."

ಎಷ್ಟು ದಿನದಿಂದ ಕಾಯುತ್ತಿದ್ದ ಮಾತು. ಅವಳ ಜೀವವೆಲ್ಲ ಕಿವಿಯಾಗಿತ್ತು. ಆದರೆ ಕಣ್ಣು ಬೇರೇನನ್ನೋ ನೋಡುತ್ತಿತ್ತು.

ಅವನ ಎಡಗೈ ಮೇಲೇಳುತ್ತಿತ್ತು. ಕೋಟಿಲ್ಲದ ಎದೆಯ ಮೇಲೆ ಬಂದು, ಎರಡು ಬೆರಳು ಅಂಗಿಯ ಅಂಚಿಗೆ ಸಿಕ್ಕಿಸಿಕೊಂಡು ನಿಂತಿತು. ಅವನಿಗೆ ಅದು ತಿಳಿದೇ ಇರಲಿಲ್ಲ.

'ಮನೆಗೆ ಬಂದುಬಿಟ್ಟಿದೆ... ಕೋಟು ಬಿಟ್ಟು ಇವನ ಮೈಯಲ್ಲೇ ಬಂದಿದೆ...'

ಅವಳು ಭಯದಿಂದ ತಲೆ ತಗ್ಗಿಸಿದಳು. ಕಂಡದ್ದು ಅವನ ಚಪ್ಪಲಿ. ಕಾಲೊರಸಿನಿಂದಲೂ ಆಚೆ, ಜೋಡಿಸಿಟ್ಟ ಹಾಗೆ ನಿಂತಿದ್ದ ಎರಡು ಪಾದ.

"ಇದನ್ನ ಹೇಳ್ತಿರೋದು ಯಾರು?" ಅವಳ ದನಿ ಒಡೆಯಿತು. "ನೀವಾ, ಅವನಾ?"

"ಯಾವನು?"

"ಅತಿಥಿ. ಮೊದಲು ನಯವಾಗಿ ಕೇಳ್ತಾನೆ, ಆಮೇಲೆ ಒಳಗಿರೋರನ್ನ ಅವರಾಗಿರೋಕೆ ಬಿಡಲ್ಲ. ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ಮುಖ, ಮಾತು, ನಿಲ್ಲೋ ರೀತಿ... ಯಾವುದು ಪಾತ್ರ, ಯಾವುದು ನೀವು?"

ಅವನ ಮುಖ ಬಿಳುಚಿಕೊಂಡಿತು. ಬಣ್ಣ ಹಚ್ಚದೆಯೂ ಅದು ಅತಿಥಿಯ ಮುಖದ ಹಾಗೇ ಕಂಡಿತು. ಅವಳು ಬಾಗಿಲು ಹಾಕಿಬಿಟ್ಟಳು.

ಬಾಗಿಲ ಸಂದಿಯಿಂದ ನೋಡಿದಾಗ ಅವನು ಅಲ್ಲೇ ಇದ್ದ. ಅಲುಗಾಡಲಿಲ್ಲ, ಮತ್ತೆ ಬಾಗಿಲು ತಟ್ಟಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬಹಳ ಹೊತ್ತಿನ ಮೇಲೆ ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಅಷ್ಟರಲ್ಲಿ ಅವಳು ಅತ್ತು ಅತ್ತು ಸುಸ್ತಾಗಿದ್ದಳು.

*

ಆಮೇಲೆ ಅವನು ಬೇಕಾದಷ್ಟೇ ಮಾತಾಡುತ್ತಿದ್ದ. ಕೋಟನ್ನು ತಾನೇ ತೊಟ್ಟುಕೊಳ್ಳುತ್ತಿದ್ದ. ಶೂಟಿಂಗ್ ಮುಗಿಯಲು ಎರಡೇ ದಿನ ಉಳಿದಿದ್ದಾಗ, ಹೊಡೆದಾಟದ ದೃಶ್ಯದಲ್ಲಿ ಕೋಟಿನ ಒಳಪದರ ಹರಿದು ಸೂಜಿಯ ಮೇಜಿಗೆ ಬಂತು.

ಹರಿದ ಜಾಗ ಎಡ ಕಂಕುಳಿನ ಹತ್ತಿರ. ಅಜ್ಜಿಯ ಕೈಹೊಲಿಗೆ ಅಂತ ಇಷ್ಟು ವರ್ಷ ಯಾರೂ ಬಿಚ್ಚದೆ ಬಿಟ್ಟಿದ್ದ ಭಾಗ. ಅವಳು ಒಳಪದರ ಸರಿಸಿ ಬೆರಳು ಹಾಕಿದಳು. ಏನೋ ಬಿಗಿಯಾಗಿ ತಡೆಯಿತು.

ಕೆಂಪು ದಾರ. ಎಳೆ ಮೇಲೆ ಎಳೆ ಹಾಕಿ, ತೋಳನ್ನೂ ಎದೆಯ ಭಾಗವನ್ನೂ ಸೇರಿಸಿ ಹಾಕಿದ ಒಂದು ಗಟ್ಟಿ ಹೊಲಿಗೆ, ಟಾಕಾ.

ಅವಳು ಏನನ್ನೂ ಯೋಚಿಸದೆ ಎದ್ದು ಕೋಟನ್ನು ತಾನೇ ತೊಟ್ಟಳು. ಕನ್ನಡಿಯ ಮುಂದೆ ನಿಂತು ಎಡಗೈ ಕೆಳಗೆ ಬಿಡಲು ನೋಡಿದಳು. ಆಗಲಿಲ್ಲ. ಭುಜದಲ್ಲಿ ಚುಚ್ಚಿದಂತಾಗಿ ಕೈ ತಾನಾಗಿ ಮೇಲೆದ್ದಿತು, ಎದೆಗೆ ಬಂದು ಆಸರೆ ಹುಡುಕಿತು, ಎರಡು ಬೆರಳು ಅಂಚಿಗೆ ಸಿಕ್ಕಿಕೊಂಡವು.

ಕನ್ನಡಿಯಲ್ಲಿ ನಿಂತಿದ್ದ ಅತಿಥಿಯನ್ನು ನೋಡಿ ಅವಳಿಗೆ ಮೈ ಜುಮ್ಮೆಂದಿತು.

"ಚಿಕ್ಕಮ್ಮಾ..." ಅಂತ ಕೂಗಿದಳು.

ಓಡಿ ಬಂದ ಚಿಕ್ಕಮ್ಮ ದಾರ ನೋಡಿ ತಲೆಗೆ ಕೈಹೊತ್ತು ಕುಳಿತಳು. "ಇದಿನ್ನೂ ಇದೆಯಾ? ನಿಮ್ಮಜ್ಜಿ ಅಭ್ಯಾಸ ಕಣೇ ಇದು. ಖಳನ ಬಟ್ಟೆ ಯಾವುದಾದ್ರೂ ಇರಲಿ, ಒಳಗೊಂದು ಕೆಂಪು ಟಾಕಾ ಹಾಕೋಳು. ಶೂಟಿಂಗ್ ಮುಗಿದ ದಿನ, ಬಟ್ಟೆ ಅವರ ಮೈಮೇಲೆ ಇರುವಾಗಲೇ ಕತ್ತರಿಸೋಳು. ಪಾತ್ರ ಇಲ್ಲೇ ಇಳೀತು, ನೀವಿನ್ನು ಮನೆಗೆ ಹೋಗಿ ಅನ್ನೋಳು."

"ಇದನ್ನ ಯಾಕೆ ಕತ್ತರಿಸಲಿಲ್ಲ?"

"ಮೊದಲನೆಯವರು ಕೊನೇ ದಿನ ಕೋಟು ಬಿಸಾಕಿ ರೈಲು ಹಿಡಿಯೋಕೆ ಓಡಿದ್ರು. ಎರಡನೆಯವರ ಕಾಲಕ್ಕೆ ಅಮ್ಮನಿಗೆ ಕಣ್ಣು ಮಂಜಾಗಿತ್ತು. ನಾನು ಕತ್ತರಿಸಿದ್ದೀನಿ ಅಂತ ಅವಳು, ಅವಳು ಕತ್ತರಿಸಿದ್ದಾಳೆ ಅಂತ ನಾನು. ಮೂರನೆಯವರ ಹೊತ್ತಿಗೆ ಇಂಥದ್ದೊಂದು ಇದೆ ಅನ್ನೋದೇ ಮರೆತುಹೋಗಿತ್ತು. ಎಲ್ಲ ಕಡೆ ಬಿಚ್ಚಿ ಹಿಗ್ಗಿಸಿದ್ವಿ, ಇದೊಂದು ಜಾಗ ಬಿಟ್ಟು."

ಸೂಜಿ ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಊರೆಲ್ಲ ಹೊಗಳಿದ ಅತಿಥಿಯ ಕೈ, ಅಜ್ಜಿ ಕತ್ತರಿಸಲು ಮರೆತ ಒಂದು ಟಾಕಾ. ಆದರೆ...

"ಚಿಕ್ಕಮ್ಮ, ಅವತ್ತು ನಮ್ಮ ಬಾಗಿಲಿಗೆ ಬಂದಾಗ ಅವರು ಕೋಟು ಹಾಕಿರಲಿಲ್ಲ. ಆಗಲೂ ಆ ಕೈ ಎದ್ದಿತ್ತು."

ಚಿಕ್ಕಮ್ಮನ ಮುಖದ ನಗು ಆರಿತು. ಎದ್ದು ಸೂಜಿಯ ಮೈಯಿಂದ ಕೋಟು ಬಿಚ್ಚುತ್ತಾ ಅಂದಳು, "ಮೂರನೆಯವರ ಮನೆ ನನಗೆ ಗೊತ್ತು. ಹೋಗಿ ಅವರನ್ನೇ ನೋಡಿ ಬಾ. ಬನ್ನಿ ಅಂದೆ ಅನ್ನೋ ಭಾರ ಇಷ್ಟು ವರ್ಷ ಹೊತ್ತದ್ದು ಸಾಕು. ಟಾಕಾನ ಕೊನೇ ದಿನ ಅವನ ಮೈಮೇಲೇ ಕತ್ತರಿಸು."

*

ಕೊನೆಯ ದಿನ ಬೆಳಿಗ್ಗೆ ಊರಿನ ಅಂಚಿನಲ್ಲಿ ಬಸ್ಸು ಇಳಿದಾಗ ಮಂಜು ಇನ್ನೂ ಸರಿದಿರಲಿಲ್ಲ. ತಗ್ಗು ಗೋಡೆಯ ಸಣ್ಣ ಮನೆ. ಗೇಟಿನ ಹತ್ತಿರ ಬಂದವಳು ಹಾಗೇ ನಿಂತುಬಿಟ್ಟಳು.

ಮನೆಯ ಬಾಗಿಲಿಗೆ ಮುಖ ಮಾಡಿ ಒಬ್ಬ ಮುದುಕ ನಿಂತಿದ್ದ. ನೆಟ್ಟಗೆ, ಅಲುಗಾಡದೆ. ಬಲಗೈಯಿಂದ ಮೆಲ್ಲಗೆ ಬಾಗಿಲು ತಟ್ಟಿದ. ಎಡಗೈ ಎದೆಯ ಮೇಲಿತ್ತು, ಎರಡು ಬೆರಳು ಅಂಗಿಯ ಅಂಚಿನಲ್ಲಿ.

"ಒಳಗೆ ಬರಲಾ?"

ಆ ದನಿ ಬದಲಾಗಿರಲಿಲ್ಲ. ಅವಳ ಕಾಲು ಹಿಂದಕ್ಕೆ ಸರಿಯಿತು. ಜನ ಹೇಳಿದ್ದು ನಿಜ. ಇವರು ಹಿಂದಿರುಗಲೇ ಇಲ್ಲ. ತಾನು ಬನ್ನಿ ಅಂದ ದಿನದಿಂದ...

ಒಳಗಿನಿಂದ ಏನೂ ಕೇಳಲಿಲ್ಲ. ಮುದುಕ ನಿಂತೇ ಇದ್ದ. ಅವಳ ಕಣ್ಣು, ಎಷ್ಟಾದರೂ ಅಂಚು ನೋಡುವ ಕಣ್ಣು, ತಾನಾಗಿ ಕೆಳಗಿಳಿಯಿತು. ಅವರ ಎರಡೂ ಪಾದ ಹೊಸ್ತಿಲಿನ ಹೊರಗೇ ಇದ್ದವು.

"ಹೂಂ... ಬನ್ನಿ," ಅಂತ ಒಳಗಿನಿಂದ ಒಂದು ಹೆಣ್ಣುದನಿ ಬಂತು. "ಕೊತ್ತಂಬರಿ ತಂದ್ರಾ?"

"ತಂದೆ ಮಾರಾಯ್ತಿ," ಅಂತ ಮೂರನೆಯವರು ಚೀಲ ಎತ್ತಿಕೊಂಡು ಒಳಗೆ ಹೋದರು.

ಗೇಟಿಗೆ ಆತುಕೊಂಡು ನಿಂತ ಹುಡುಗಿಯನ್ನು ಅವರ ಹೆಂಡತಿಯೇ ನೋಡಿ ಒಳಗೆ ಕರೆದರು. ನೀರು ಕೊಟ್ಟರು. ಯಾರು ಅಂತ ಅವಳು ಹೇಳುವ ಮೊದಲೇ ಮೂರನೆಯವರು ಕನ್ನಡಕ ಏರಿಸಿ ನೋಡಿದರು.

"ಗುಂಡಿ ಪೋಣಿಸ್ತಿದ್ದ ಹುಡುಗಿ ಅಲ್ವಾ ನೀನು?"

ಅವಳು ನೀರಿನ ಲೋಟ ಕೆಳಗಿಟ್ಟಳು. "ನಾನು... ಅವತ್ತು ನಾನು ಬನ್ನಿ ಅಂದೆ. ಅದಕ್ಕೇ ನೀವು ಹೀಗೆ..."

"ಹೌದು, ಅಂದೆ. ಆ ಬಣ್ಣ ಹಚ್ಚಿದ್ದಷ್ಟು ದಿನ ಎಲ್ಲರೂ ದೂರ ಸರೀತಿದ್ರು. ಊಟಕ್ಕೂ ಪಕ್ಕದಲ್ಲಿ ಕೂರ್ತಿರಲಿಲ್ಲ. ಹೆದರದೆ ಬನ್ನಿ ಅಂದವಳು ನೀನೊಬ್ಬಳೇ ಮಗು. ಎಷ್ಟೋ ವರ್ಷ ಅದನ್ನ ನೆನಪು ಮಾಡ್ಕೊಂಡಿದ್ದೀನಿ."

ಅವಳು ಅಳಲು ಶುರು ಮಾಡಿದಳು. ಅಜ್ಜಿಯಂಥ ಆ ಹೆಂಗಸು ಪಕ್ಕದಲ್ಲಿ ಬಂದು ಕೂತರು.

"ಜನ ಏನಂತಾರೆ ಅಂತ ನನಗೂ ಗೊತ್ತಮ್ಮ," ಅಂದರು. "ಒಂದು ಸಲ ಇವರು ತಮಾಷೆಗೆ ಬಣ್ಣದ ಮುಖದಲ್ಲೇ ಮನೆಯೊಳಗೆ ನುಗ್ಗಿಬಂದ್ರು. ನಾನು ಹೆದರಿ ಹಾಸಿಗೆ ಹಿಡಿದೆ. ಬಾಗಿಲ ಸದ್ದಾದ್ರೆ ಸಾಕು, ನಡುಗ್ತಿದ್ದೆ. ಆಗ ಇವರು ಮಾತು ಕೊಟ್ರು. ನೀನು ಹೂಂ ಅನ್ನೋವರೆಗೂ ನಾನು ಹೊಸ್ತಿಲು ದಾಟಲ್ಲ ಅಂತ. ಭಯ ಯಾವಾಗಲೋ ಹೋಯ್ತು. ಇವರು ಕೇಳೋದು ಬಿಡಲಿಲ್ಲ."

"ನಟನೆ ಬಿಟ್ಟದ್ದು?"

"ಇವಳಿಗೆ ನಿದ್ದೆ ಬರಬೇಕಿತ್ತಲ್ಲ," ಅಂದರು ಮೂರನೆಯವರು, ಅದೇನು ದೊಡ್ಡ ವಿಷಯವಲ್ಲ ಅನ್ನುವಂತೆ.

"ಈ ಕೈ?"

"ಅಯ್ಯೋ, ಆ ಕೋಟು ನನ್ನ ಭುಜ ತಿಂದುಹಾಕಿತು. ಕೈ ಕೆಳಗೆ ಬಿಟ್ರೆ ಈಗಲೂ ಸೆಳೀತದೆ. ಹೀಗೆ ಎತ್ತಿ ಸಿಕ್ಕಿಸಿಕೊಂಡ್ರೆ ಸ್ವಲ್ಪ ಹಾಯಿ."

ಸೂಜಿಗೆ ನೀಲಿ ಅಂಗಿ ನೆನಪಾಯಿತು. ಕಾಲೊರಸಿನ ಆಚೆ ಜೋಡಿಸಿಟ್ಟಂತೆ ನಿಂತಿದ್ದ ಪಾದಗಳು ನೆನಪಾದವು. ಬಾಗಿಲು ಹಾಕಿದ ಮೇಲೂ ಬಹಳ ಹೊತ್ತು ಅವು ಅಲ್ಲೇ ಇದ್ದವು.

ಅತಿಥಿ ಕೇಳುತ್ತಾನೆ, ಕಾಯುವುದಿಲ್ಲ. ಮೂರು ಸಿನಿಮಾ ತಿರುಗಿಸಿ ತಿರುಗಿಸಿ ನೋಡಿದವಳಿಗೆ ಇದು ಮೊದಲೇ ಗೊತ್ತಿತ್ತು. ತನ್ನ ಮನೆಯ ಬಾಗಿಲಲ್ಲಿ ನಾಲ್ಕನೆಯವನು ಕೇಳಿ ಕಾದದ್ದನ್ನು ಮಾತ್ರ ನೋಡಿರಲಿಲ್ಲ.

*

ಕೊನೆಯ ದಿನದ ಕೊನೆಯ ದೃಶ್ಯ ಆಗಲೇ ನಡೆಯುತ್ತಿತ್ತು. ಸೂಜಿ ಏದುಸಿರು ಬಿಡುತ್ತಾ ಸೆಟ್ಟಿನ ಹಿಂದೆ ಬಂದು ನಿಂತಳು.

ಬಾಗಿಲು. ಬೆರಳಿನ ಸದ್ದು. "ಒಳಗೆ ಬರಲಾ?" ಅನ್ನುವಾಗ ನಾಲ್ಕನೆಯವನ ದನಿಯಲ್ಲಿ ನಗುವಿರಲಿಲ್ಲ, ಸಿಟ್ಟಿರಲಿಲ್ಲ. ಹಸಿವಿತ್ತು. ಬೇರೆಯವರ ಕಿಟಕಿಯ ದೀಪವನ್ನು ಬಹಳ ಕಾಲ ಹೊರಗಿನಿಂದ ನೋಡಿದವನ ಹಸಿವು. ಮಾತು ಮುಗಿಯುವ ಮೊದಲೇ ಕೋಟಿನ ಅಂಚು ಹೊಸ್ತಿಲು ದಾಟಿತು. ಸೆಟ್ಟಿನಲ್ಲಿದ್ದವರಿಗೆಲ್ಲ ಚಳಿ ಹಿಡಿದಂತಾಯಿತು. ಕಟ್ ಅಂದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವಳು ಕಾಸ್ಟ್ಯೂಮ್ ಕೋಣೆಗೆ ಓಡಿಹೋಗಿ ಕತ್ತರಿ ಹಿಡಿದು ನಿಂತಳು.

ಕಾರಿಡಾರಿನಲ್ಲಿ ಒಂದೊಂದೇ ದೀಪ ಆರಿಸುತ್ತಾ ಯಾರೋ ಹೋದರು. ಕತ್ತಲಲ್ಲಿ ಹೆಜ್ಜೆ ಬಂತು, ಬಾಗಿಲಲ್ಲಿ ನಿಂತಿತು. ಹುಬ್ಬಿಲ್ಲದ ಬಿಳಿ ಮುಖ. ಬೂದು ಕೋಟು. ಎದೆಯ ಮೇಲೆ ಎಡಗೈ.

"ಕೋಟು ಕೊಟ್ಟು ಹೋಗ್ತೀನಿ," ಅಂದ. ಸ್ವಲ್ಪ ತಡೆದು, "ಒಳಗೆ ಬರಲಾ?"

ಎಲ್ಲ ತಿಳಿದಿದ್ದರೂ ಅವಳು ಕತ್ತರಿಯನ್ನು ಬಿಗಿಹಿಡಿದಳು. ಚಿಕ್ಕಂದಿನ ಭಯ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಅವಳು ಉತ್ತರಿಸಲಿಲ್ಲ. ಬೇಕೆಂದೇ ಉತ್ತರಿಸಲಿಲ್ಲ. ಕೆಳಗೆ ನೋಡುತ್ತಾ ನಿಂತಳು.

ಬೂಟುಗಳು ಹೊಸ್ತಿಲಿನ ಆಚೆ. ಕೋಟಿನ ಅಂಚು ಹೊಸ್ತಿಲಿನ ಆಚೆ.

ಕೋಣೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಕಾರಿಡಾರಿನ ಕೊನೆಯ ದೀಪವೂ ಆರಿತು. ಬಿಳಿ ಮುಖ ಕತ್ತಲಿನಲ್ಲಿ ತೇಲುತ್ತಿದ್ದಂತೆ ಕಂಡಿತು. ಅಂಚು ಅಲುಗಲಿಲ್ಲ.

"ಬಾ," ಅಂದಳು ಸೂಜಿ.

ಅವನು ಬೆಚ್ಚಿದ. ಬನ್ನಿ ಅನ್ನದವಳು ಒಮ್ಮೆಲೇ ಬಾ ಅಂದರೆ ಯಾರಾದರೂ ಬೆಚ್ಚಬೇಕಾದ್ದೇ.

ಅವನು ಒಳಗೆ ಬಂದ. ಅವಳು ಮಾತಾಡದೆ ಕೋಟಿನ ಒಳಗೆ ಕೈಹಾಕಿ, ಒಳಪದರ ಸರಿಸಿ, ಕತ್ತರಿಯ ಮೊನೆ ಇಟ್ಟಳು. ಕೆಂಪು ದಾರ ಕಟಕ್ಕೆಂದು ತುಂಡಾಯಿತು. ಅವನ ಎಡಗೈ ನಿಧಾನವಾಗಿ ಕೆಳಗಿಳಿದು ಪಕ್ಕದಲ್ಲಿ ನೆಟ್ಟಗೆ ನಿಂತಿತು.

"ಪಾತ್ರ ಇಲ್ಲೇ ಇಳ್ದುಹೋಯ್ತು," ಅಂದಳು, ಅಜ್ಜಿಯ ಮಾತನ್ನು. "ನೋವಾಗ್ತಿತ್ತಾ?"

"ಮೊದಲ ದಿನದಿಂದ."

"ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ನೀನು ಸರಿಮಾಡಿಬಿಡ್ತಿದ್ದೆ. ಆಮೇಲೆ ದಿನಾ ಬೆಳಿಗ್ಗೆ ನನ್ನ ತೋಳು ಹಿಡ್ಕೊಂಡು ಎಳೆದಾಡೋಕೆ ನಿನಗೆ ಕಾರಣ ಇರ್ತಿರಲಿಲ್ಲ."

ಅವಳು ಹತ್ತಿ ತೆಗೆದುಕೊಂಡು ಅವನ ಮುಖದ ಬಣ್ಣ ಒರೆಸಲು ಶುರು ಮಾಡಿದಳು. ಒಂದು ಹುಬ್ಬು ಕಂಡಿತು, ಆಮೇಲೆ ಇನ್ನೊಂದು. ಕೆದರಿದ ಕೂದಲಿನ ಆ ಸಾಧಾರಣ ಮುಖ ಹೊರಗೆ ಬರುವಷ್ಟರಲ್ಲಿ ಅವಳಿಗೆ ಕಣ್ಣೀರಿನಿಂದ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

"ಅವತ್ತು ಬಾಗಿಲು ಹಾಕಿಬಿಟ್ಟೆ. ನನ್ನ ಮೇಲೆ ಕೋಪ ಇಲ್ವಾ?"

"ಇತ್ತು. ಮೆಟ್ಟಿಲಿಳಿಯೋವಾಗ ಭುಜ ನೋಯ್ತಿತ್ತು, ಅದರ ಮುಂದೆ ಕೋಪ ನೆನಪಾಗಲಿಲ್ಲ." ಅವನು ಅವಳ ಕೈಯಲ್ಲಿದ್ದ ಹತ್ತಿಯನ್ನು ತೆಗೆದಿಟ್ಟ. "ಒಂದು ಪ್ರಶ್ನೆಗೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ. ಮೂವರನ್ನೂ ನೋಡಿದ್ದೀಯ. ನಾನು ಹೇಗೆ?"

"ಅತಿಥಿಯಾಗಿ?"

"ಹೂಂ."

"ಮೂರನೆಯವರೇ ಮೇಲು."

ಅವನ ಮುಖ ಸಣ್ಣದಾಯಿತು. "ಅತಿಥಿ ಅಲ್ಲದೆ?"

ಸೂಜಿ ಅವನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಲ್ಲಿ ಹೋಲಿಸೋಕೆ ನನಗೆ ಬೇರೆ ಯಾರೂ ಇಲ್ಲ. ನಡಿ, ಮನೆಗೆ ಹೋಗೋಣ. ಚಿಕ್ಕಮ್ಮ ಕಿಟಕಿಯಲ್ಲಿ ದೀಪ ಹಚ್ಚಿಟ್ಟಿರ್ತಾಳೆ."